ಕುಂದಗೋಳ ತಾಲೂಕು ಬೇರೆ ಲೋಕಕ್ಕೆ ಹೋದ ಶ್ರಾವಣ

...ಅಥವಾ ಆ ಮಧ್ಯಾಹ್ನ ನಾವು ಸಿಪ್ಪೆ ತೆಗೆಯುತ್ತಿದ್ದುದು ಹುರಿದ ಶೇಂಗಾದ್ದಲ್ಲವೋ ಏನೋ. ಈಗಷ್ಟೇ ಬಸ್ಸಿನಲ್ಲಿ ಪಕ್ಕದವರು ಪೊಟ್ಟಣ ಬಿಚ್ಚಿದ್ದಕ್ಕೆ ನನ್ನ ಮೂಗು ಶೇಂಗಾ ಎನ್ನುತ್ತಿದೆ, ನೆನಪು ಹೌದೆಂದು ತಲೆಯಾಡಿಸುತ್ತಿದೆ. ನನ್ನ ನೆನಪು ಎಲ್ಲದಕ್ಕೂ ತಲೆಯಾಡಿಸುತ್ತದೆ. ಆದ್ದರಿಂದ ನೀವೂ ಸ್ವಲ್ಪ ಹುಷಾರಾಗಿ ಓದಿ.

ಯರಗುಪ್ಪಿಯ ಕಾಕಾನ ಮನೆಯ ಪಡಸಾಲೆ. ನಾಗರ ಪಂಚಮಿ ಹತ್ತಿರ ಬಂದಿತ್ತು, ಶೇಂಗಾ ಉಂಡಿಯ ತಯಾರಿ ನಡೆದಿತ್ತು. ನಾನು ಆಗ ಮೊಬೈಲಿನಲ್ಲಿ ಒಂದು ಧಾರಾವಾಹಿ ಬರೆಯುತ್ತಿದ್ದೆ: ಇಡೀ ದೇಶವೊಂದು, ರೈಲು, ಕರೆಂಟು, ಸರಕಾರಿ ಕಚೇರಿ ಸಮೇತ, ಒಂದು ಬೆಳಿಗ್ಗೆ ಮಾಯಾವಿಗಳ ಲೋಕದಲ್ಲಿ ಕಣ್ಣು ಬಿಡುತ್ತದೆ. ಇಂಥ ಕತೆಗಳಿಗೆ ಓದುಗರು ಬಹಳ. ನನ್ನದಕ್ಕೆ ಮಾತ್ರ, ದಿನಾ ಮಧ್ಯಾಹ್ನ ನಾನು ಓದಿ ಹೇಳುವಾಗ ಆ ಪಡಸಾಲೆಯಲ್ಲಿದ್ದವರಷ್ಟೇ. ಅವರೂ ಕೈಯಲ್ಲಿ ಕೆಲಸವಿದ್ದದ್ದರಿಂದ ಎದ್ದು ಹೋಗಲಾರದವರು.

"ಅಷ್ಟ ದೊಡ್ಡ ದೇಶ ಒಯ್ದು ಎಲ್ಲಿ ಇಡಾಂವಲೇ?" ಅಂದ ಕಾಕಾ. "ನಮ್ಮ ಕುಂದಗೋಳ ತಾಲೂಕಷ್ಟ ಒಯ್ಯಿ. ಸಂಭಾಳಸಾಕ ಬರ್ತೈತಿ."

ಒಯ್ದೆ. ತಾಲೂಕು ಸ್ವತಂತ್ರ ದೇಶವಾಯಿತು. ಕಾಕಾ, ಯಾರೂ ಕೇಳದಿದ್ದರೂ, ಪ್ರಧಾನಿಯಾದ. ಆ ಲೋಕಕ್ಕೆ ಇಬ್ಬರು ಚಂದ್ರರು ಎಂದು ನಾನು ಓದಿದಾಗ, ಎತ್ತು ಹೂಡದ ಅಮಾವಾಸ್ಯೆಯೂ ಎರಡಾಗಿ ಎತ್ತುಗಳಿಗೆ ರಜೆ ಹೆಚ್ಚಾಗುವುದಲ್ಲ ಎಂದು ಚಿಂತೆಗೆ ಬಿದ್ದ. ರೆಕ್ಕೆಯ, ಬೆಂಕಿ ಉಗುಳುವ ಡ್ರ್ಯಾಗನ್ ಬಂದಾಗ ಬಾಜೂ ಮನೆಯ ಶಾಂತವ್ವ, "ಅದೂ ಹಾವಿನ ಪೈಕಿನ ಹೌದಿಲ್ಲೊ? ಹಂಗಾರ ಪಂಚಮಿಗೆ ಅದಕ್ಕೂ ಹಾಲ ಎರೀಬೇಕು" ಎಂದು ತೀರ್ಮಾನಿಸಿದಳು. ನನ್ನ ಯುದ್ಧದ ಅಧ್ಯಾಯ ಅಲ್ಲಿಗೆ ಮುಗಿಯಿತು.

ಆಗ ಕಾಕಾನ ಸೊಸೆ ಶೈಲಾ ವೈನಿ, ಮೊರದಿಂದ ತಲೆ ಎತ್ತದೆ ಕೇಳಿದರು: "ತಮ್ಮಾ, ನವಲಗುಂದ ಎಲ್ಲೈತಿ ಈಗ?"

"ಅದು ಹಳೇ ಲೋಕದಾಗ ಉಳೀತ್ರಿ ವೈನಿ."

ಮೊರದ ಸದ್ದು ನಿಂತಿತು. ನವಲಗುಂದ ವೈನಿಯ ತವರು; ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ಯುವುದು ರೂಢಿ. ಆ ವರ್ಷ ಅವರನ್ನು ಪಂಚಮಿಗೆ ಕಳಿಸುವುದಿಲ್ಲ ಎಂದು ಕಾಕಾ ಹಟ ಹಿಡಿದಿದ್ದ. ಯಾವುದೋ ಮದುವೆಯಲ್ಲಿ ವೈನಿಯ ಅಣ್ಣ ಇವನನ್ನು ಹತ್ತಿರ ಬಂದು ಊಟಕ್ಕೆ ಕರೆಯದೆ, ದೂರದಿಂದ ಕೈಸನ್ನೆ ಮಾಡಿದ್ದನಂತೆ.

"ಹಂಗಾರ ನಮ್ಮಣ್ಣ ಕರಿಯಾಕ ಹೆಂಗ ಬರಬೇಕು?"

"ಗಡಿಗೆ ಮಾಯದ ಗ್ವಾಡಿ ಐತ್ರಿ. ದಾಟಾಕ ಬರಂಗಿಲ್ಲ. ಇಂಥಾ ಕತಿಗೆ ಅದ ನಿಯಮ."

"ಡ್ರ್ಯಾಗನ್ ಬರಾಕ ದಾರಿ ಐತಿ," ಅಂದಳು ಶಾಂತವ್ವ, "ಅಣ್ಣ ಬರಾಕ ಇಲ್ಲ."

ವೈನಿ ಕಾಕಾನ ಕಡೆ ತಿರುಗಿದರು. "ಮಾವಾರ, ನಿಮ್ಮ ರಾಜ್ಯದಾಗ ಇರೂ ಸೊಸ್ತ್ಯಾರು ಬ್ಯಾರೆ ಬ್ಯಾರೆ ತಾಲೂಕಿನಿಂದ ಬಂದೋರು. ಎಲ್ಲಾರೂ ಕೂಡಿ ಅಳಾಕ ಹತ್ತಿದ್ರ ಏನ ಮಾಡ್ತೀರಿ?"

ಪ್ರಧಾನಿ ಕೆಮ್ಮಿದ. "ಪಂಚಮಿಗೆ ಗಡಿ ತಗೀತಾರಂತ ಬರಿಯಲೇ."

"ಕತಿ ಕೆಡತೈತಿ ಕಾಕಾ."

"ಕೆಡ್ಲಿ. ಅದರಾಗ ಇದ್ದದ್ದರ ಏನು?"

ಶಾಂತವ್ವ ಬಿಡಲಿಲ್ಲ. "ಕತ್ಯಾಗ ತಗದು ಏನ ಮಾಡೂದೈತ್ರಿ? ಹುಬ್ಬಳ್ಳಿ ಬಸ್ ದಿನಾ ಊರ ಮುಂದ ನಿಲ್ಲತೈತಿ. ಅಲ್ಲಿಂದ ನವಲಗುಂದ ಏನ ದೂರ."

ಕಾಕಾ ಬಹಳ ಹೊತ್ತು ಶೇಂಗಾದ ಸಿಪ್ಪೆ ಊದಿದ. ಸಿಪ್ಪೆಯೇ ಇಲ್ಲದ ಕಾಳನ್ನೂ ಊದಿದ. ಆಮೇಲೆ ಯಾರ ಕಡೆಗೂ ನೋಡದೆ ಹೇಳಿದ: "ಅವರಣ್ಣಗ ಫೋನ್ ಹಚ್ಚರಿ. ಬಂದು ಕರಕೊಂಡ ಹೋಗ್ಲಿ. ಈ ಸಲ ಕೈ ಮಾಡಿ ಕರಿಯೂದಲ್ಲ. ಒಳಗ ಬಂದು, ಕುಂತು, ಚಹಾ ಕುಡದು ಕರಿಬೇಕು."

ಅಣ್ಣ ಬಂದ. ಚಹಾ ಕುಡಿದ, ಇನ್ನೊಮ್ಮೆಯೂ ಕುಡಿದ. ವೈನಿ ಉಂಡಿಯ ಡಬ್ಬಿ ಹಿಡಿದು ಹೊರಟರು.

ನನ್ನ ಕತೆ ಮಾತ್ರ ನಿಜಕ್ಕೂ ಕೆಟ್ಟಿತು. ಗಡಿ ತೆಗೆದದ್ದೇ ತಡ, ಮಾಯಾವಿಗಳ ಸೊಸೆಯರೂ ತಮ್ಮ ತಮ್ಮ ತವರಿಗೆ ಹೊರಟರು. ಸೈನ್ಯಕ್ಕೆ ಅಡುಗೆ ಮಾಡುವವರೇ ಉಳಿಯಲಿಲ್ಲ. ಬರೆಯುವುದನ್ನು ನಿಲ್ಲಿಸಿದೆ.

ಇಷ್ಟನ್ನೂ ಈಗ ಬಸ್ಸಿನಿಂದಲೇ ಕಾಕಾನ ಮಗನಿಗೆ ಫೋನಿನಲ್ಲಿ ಹೇಳಿದರೆ, "ಅಪ್ಪ ನಿನ್ನ ಕತಿ ಎಲ್ಲಿ ಕೇಳಿದ್ದ? ಅವ ಮಲಕ್ಕೊಂಡಿದ್ದ" ಎನ್ನುತ್ತಾನೆ. ಫೋನು ವೈನಿಯ ಕೈಗೆ ಹೋಗುತ್ತದೆ. "ಯಾವ ಕತಿ, ತಮ್ಮಾ?" ಎಂದು ಅವರು ನಗುತ್ತಾರೆ.

ಹೊಸ ಧಾರಾವಾಹಿಯೊಂದಕ್ಕೆ ನಕಾಶೆ ಬರೆಯಬೇಕಾಗಿದೆ. ಗೆರೆ ಎಳೆಯುವ ಮೊದಲು ಯಾರ ತವರು ಆಚೆ ಉಳಿಯುತ್ತದೆ ಎಂದು ನೋಡುವ ಚಟ ಹತ್ತಿರುವುದರಿಂದ ಕೆಲಸ ಸಾಗುತ್ತಿಲ್ಲ. ವೈನಿ ಆವತ್ತು ನವಲಗುಂದವನ್ನು ಸುಮ್ಮನೆ ಕೇಳಿದರೋ, ಅದೊಂದನ್ನು ಕೇಳುವುದಕ್ಕಾಗಿಯೇ ಅಷ್ಟು ದಿನ ನನ್ನ ಕತೆಯನ್ನು ಸಹಿಸಿಕೊಂಡು ಕೂತಿದ್ದರೋ, ನನಗೆ ಗೊತ್ತಿಲ್ಲ.