ಕನ್ನಡಕ ಒಡೆದ ದಿನದ ವಾಕ್ಯ

ಜೋಯಲ್, ಅನುಗ್ರಹ, ಬಿಸಿ ಕುಕ್ಕರನ್ನು ಇಳಿಸಿ ಕನ್ನಡಕದ ಮೇಲೆ ಇಟ್ಟರೆ ಎಂಥ ಶಬ್ದ ಬರುತ್ತದೆ ಗೊತ್ತಾ? ಹಪ್ಪಳ ಮುರಿದ ಹಾಗೆ.

ಕಳೆದ ವಾರ ಸೋಮವಾರ ಬೆಳಗ್ಗೆ ನಮ್ಮ ಸಹಕಾರನಗರದ ಅಡುಗೆಮನೆಯಲ್ಲಿ ಬಂದದ್ದು ಅದೇ ಶಬ್ದ. ನೀವಿಬ್ಬರೂ ಇನ್ನೂ ಎದ್ದಿರಲಿಲ್ಲ. ಕುಕ್ಕರ್ ಎತ್ತಿ ನೋಡಿದರೆ ಒಂದು ಗಾಜು ಚೂರಾಗಿತ್ತು, ಇನ್ನೊಂದು ಬಿರುಕು ಬಿಟ್ಟಿತ್ತು, ಕಡ್ಡಿ ಎತ್ತಲೋ ತಿರುಗಿತ್ತು.

ಕನ್ನಡಕವಿಲ್ಲದಿದ್ದರೂ ಅನ್ನ ಬೇಯುತ್ತದೆ, ಕಾಫಿ ಆಗುತ್ತದೆ. ಆದರೆ ಆರು ಗಂಟೆಗೆ ವಾಕ್ಯ ಕಳಿಸಬೇಕಲ್ಲ?

(ಮೊಮ್ಮಕ್ಕಳಿಗೆಂದು ಬರೆಯುವ ಈ ಪುಟಕ್ಕೆ ಹೊಸಬರಿದ್ದರೆ ಅವರಿಗಾಗಿ ಹೇಳುತ್ತೇನೆ. ನಮ್ಮ ಚರ್ಚಿನ ಸಭೆಯ ಹೆಂಗಸರದೊಂದು ವಾಟ್ಸಾಪ್ ಗ್ರೂಪ್ ಇದೆ. ಅದಕ್ಕೆ ದಿನಾ ಬೆಳಗ್ಗೆ ಸತ್ಯವೇದದ ಒಂದು ವಾಕ್ಯ ಹೇಳಿ, ಅದರ ಮೇಲೆ ಎರಡು ಧೈರ್ಯದ ಮಾತು ಸೇರಿಸಿ, ವಾಯ್ಸ್ ಮೆಸೇಜ್ ಕಳಿಸುವ ಕೆಲಸ ನನ್ನದು. ಪಾಸ್ಟರಮ್ಮ ಒಪ್ಪಿಸಿದ್ದು. ನಾನೋ, ಕೂಟದಲ್ಲಿ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂರುವವಳು. ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಎಂದರೆ ಇಲ್ಲದ ಕೆಮ್ಮು ಬರುತ್ತದೆ. ಮೈಕಿನ ಗುರುತನ್ನು ಒತ್ತಿ ಮೇಲಕ್ಕೆ ಜಾರಿಸುವುದನ್ನು ಜೋಯಲ್ ಹೇಳಿಕೊಟ್ಟ ಮೇಲೆ, ಅಡುಗೆಮನೆಯಲ್ಲಿ ಬೇಳೆ ಡಬ್ಬಿಗೆ ಮುಖ ಮಾಡಿ ಮಾತಾಡುತ್ತೇನೆ. ಡಬ್ಬಿ ಆಕಳಿಸುವುದಿಲ್ಲ.)

ಕನ್ನಡಕವಿಲ್ಲದೆ ನನ್ನ ಸತ್ಯವೇದ ಬರೀ ಇರುವೆ ಸಾಲು. ಅವತ್ತಿಗೆ ಗುರುತಿಟ್ಟಿದ್ದ ವಾಕ್ಯ ಯಾವುದೆಂದು ಕಾಣಲಿಲ್ಲ. ನಿಮ್ಮಮ್ಮನನ್ನು ಎಬ್ಬಿಸಿ ಓದಿಸೋಣವೆಂದರೆ ಅವಳು ಆಫೀಸು ಕೆಲಸ ಮುಗಿಸಿ ಮಲಗಿದ್ದೇ ತಡವಾಗಿ. ಕೊನೆಗೆ, ಹಳ್ಳಿ ಶಾಲೆಯಲ್ಲಿ ಲಂಗ ಹಾಕಿಕೊಂಡಿದ್ದ ಕಾಲದಲ್ಲಿ ಬಾಯಿಪಾಠ ಮಾಡಿದ್ದ ಒಂದನ್ನು ಹೇಳಿಬಿಟ್ಟೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೊರಟ ಜನ; ಮುಂದೆ ಸಮುದ್ರ, ಹಿಂದೆ ಅಟ್ಟಿಸಿಕೊಂಡು ಬರುವ ರಾಜ ಫರೋಹನ ಕುದುರೆಗಳು. ಹೆದರಿ ನಡುಗುತ್ತಿರುವ ಜನರಿಗೆ ಮೋಶೆ ಹೇಳುತ್ತಾನಲ್ಲ, ನೀವು ಸುಮ್ಮನಿರಿ, ನಿಮ್ಮ ಪರವಾಗಿ ದೇವರೇ ಹೋರಾಡುತ್ತಾನೆ ಎಂದು. ಅದು.

ಅದರ ಮೇಲೆ ನನ್ನದೊಂದು ಒಗ್ಗರಣೆ: "ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತೀವಾ? ಇವತ್ತೊಂದು ದಿನ ನಾವೂ ಅಲ್ಲಾಡೋದು ಬೇಡ. ಸುಮ್ನಿರೋಣ."

ಚೆನ್ನಾಗಿ ಬಂತು ಅನ್ನಿಸಿತು. ಆಮೆನ್‌ಗಳು ಸಾಲುಗಟ್ಟಿ ಬಂದವು. ಕೆಳಗಿನ ಮನೆಯ ನಸೀಮಾ ಹಾಲು ತರಲು ಹೊರಟವಳು ಮೆಟ್ಟಿಲ ಹತ್ತಿರ ನಿಂತು ಕೂಗಿದಳು. ನಮ್ಮ ಅಡುಗೆಮನೆ ಕಿಟಕಿಯಿಂದ ಅವಳಿಗೆ ಎಲ್ಲವೂ ಕೇಳಿಸುತ್ತದೆ. ನನ್ನ ಪ್ರಸಂಗಕ್ಕೆ ಅವಳು ಇಟ್ಟ ಹೆಸರು ಬಯಾನ್.

"ಅಮ್ಮಾ, ಇವತ್ತಿನ ಬಯಾನ್ ಚೆನ್ನಾಗಿತ್ತು! ಲೇಕಿನ್ ಮೊಸರು ಜಾಸ್ತಿ ಹೊತ್ತು ಸುಮ್ನೆ ಬಿಟ್ರೆ ಹುಳಿ ಆಗೋಗುತ್ತಲ್ವಾ?"

ನಕ್ಕು ಕಾಫಿಗೆ ನೀರಿಟ್ಟೆ.

ಮಧ್ಯಾಹ್ನ ಸಲೋಮಿಯ ಮೆಸೇಜ್ ಬಂತು. ಗ್ರೂಪಿಗಲ್ಲ, ನನಗೊಬ್ಬಳಿಗೇ.

ಸಲೋಮಿ ತಣಿಸಂದ್ರದಲ್ಲಿದ್ದಾಳೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಿಮ್ಮಮ್ಮನಿಗಿಂತ ಸ್ವಲ್ಪ ದೊಡ್ಡವಳು. ಹಿಂದಿನ ಭಾನುವಾರ ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: ಎಡಗಡೆ ಎದೆಯಲ್ಲಿ ಗಂಟು ಸಿಕ್ಕಿದೆ, ಡಾಕ್ಟರು ಸೂಜಿ ಹಾಕಿ ಟೆಸ್ಟ್ ಮಾಡಬೇಕು ಎಂದಿದ್ದಾರೆ, ಪ್ರಾರ್ಥನೆ ಮಾಡಿ ಆಂಟಿ. ಯಾವತ್ತು ಎಂದು ನಾನು ಕೇಳಿರಲಿಲ್ಲ.

ಈಗ ಅವಳ ದನಿ ಹಗುರವಾಗಿತ್ತು.

"ಪ್ರೈಸ್ ದ ಲಾರ್ಡ್ ಆಂಟಿ. ಇವತ್ತು ಹತ್ತು ಗಂಟೆಗೆ ಟೆಸ್ಟ್ ಇತ್ತು. ಹೋಗ್ಲಾ ಬೇಡ್ವಾ, ಒಂದು ವಾಕ್ಯ ಕೊಡಪ್ಪಾ ಅಂತ ಕೇಳ್ಕೊಂಡೇ ಮಲಗಿದ್ದೆ. ಎದ್ದು ಫೋನ್ ಆನ್ ಮಾಡಿದ್ರೆ ನಿಮ್ಮ ಬಾಯಿಂದಾನೇ ಬಂತು ನೋಡಿ, ಸುಮ್ನಿರು ಅಂತ! ನಾನು ಹೋಗ್ಲಿಲ್ಲ. ಎಷ್ಟು ಸಮಾಧಾನ ಗೊತ್ತಾ ಆಂಟಿ!"

ಅವಳಿಗೆ ಸಮಾಧಾನ. ನಾನು ಮೆಸೇಜನ್ನು ಮೊದಲಿನಿಂದ ಇನ್ನೊಮ್ಮೆ ಕೇಳಿದೆ.

ನಮ್ಮವರಲ್ಲಿ ಇದೊಂದು ರೂಢಿ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯುತ್ತೇವೆ. ಸತ್ಯವೇದ ತೆರೆದಾಗ ಕಣ್ಣಿಗೆ ಮೊದಲು ಬಿದ್ದ ಸಾಲು, ಗೋಡೆಯ ಕ್ಯಾಲೆಂಡರಿನ ವಚನ, ಬೆಳಗಿನ ಮೆಸೇಜು, ಯಾವುದಾದರೂ ಸರಿ. "ವಾಕ್ಯ ಸಿಕ್ತು" ಎನ್ನುತ್ತೇವೆ. ಸೈಟು ಕೊಳ್ಳುವುದಕ್ಕೂ ವಾಕ್ಯ ಸಿಗಬೇಕು, ಸಂಬಂಧ ಒಪ್ಪುವುದಕ್ಕೂ ಸಿಗಬೇಕು. ನಿಮ್ಮಮ್ಮನನ್ನು ಈ ಮನೆಗೆ ತಂದದ್ದೂ ಹಾಗೆಯೇ. ಆ ವಾಕ್ಯದಲ್ಲಿ ಒಂಟೆಗಳಿದ್ದವು ಎನ್ನುವಷ್ಟು ನೆನಪಿದೆ. (ಒಂಟೆಗಳಿಂದ ನಮಗೆ ಒಳ್ಳೆಯದೇ ಆಯಿತು, ಅದು ಬೇರೆ ಮಾತು.)

ಆದರೆ ಸಲೋಮಿಗೆ ಸಿಕ್ಕಿದ್ದು ಏನು? ದೇವರ ಮಾತೋ, ನನ್ನ ಕುಕ್ಕರಿನ ಕೆಲಸವೋ?

ಅವತ್ತು ಕೂತಲ್ಲಿ ಕೂರಲಾಗಲಿಲ್ಲ. ದಾಸವಾಳದ ಕುಂಡಕ್ಕೆ ನೀರು ಹಾಕಿದೆ, ಮರೆತು ಮತ್ತೆ ಹಾಕಿದೆ. ಫೋನ್ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಸಾರಿಗೆ ಎಷ್ಟು ಉಪ್ಪು ಬಿತ್ತೋ. ಜೋಯಲ್, ನೀನು ತಟ್ಟೆ ಮುಂದೆ ಕೂತು, "ಅಜ್ಜೀ, ಇವತ್ತು ಸಮುದ್ರಾನೇ ಬಡಿಸ್ಬಿಟ್ಯಲ್ಲ" ಎಂದೆಯಲ್ಲ? ಸಮುದ್ರದ ಹೆಸರು ಕೇಳಿ ನನ್ನ ಕೈಯಿಂದ ಸೌಟು ಜಾರಿತು. ನೀವು ನಕ್ಕಿರಿ.

ಸಂಜೆ ಫೋನ್ ಮಾಡಿದೆ. "ಸಲೋಮಿ, ಆ ವಾಕ್ಯ ನಿಂಗೆ ಅಂತ ಹೇಳಿದ್ದಲ್ಲಮ್ಮ..."

"ಯಾರಿಗೆ ಅಂತ ನಿಮಗೆ ಹೆಂಗ್ ಗೊತ್ತಾಗುತ್ತೆ ಆಂಟಿ? ಪೋಸ್ಟ್‌ಮ್ಯಾನ್ ಲೆಟರ್ ಓದ್ತಾನಾ?" ಎಂದು ನಕ್ಕಳು. ಹಿಂದೆ ಹೊಲಿಗೆ ಮಿಷನ್ ಓಡುತ್ತಿತ್ತು. ಗಿರಾಕಿ ಬಂದರೆಂದು ಫೋನ್ ಇಟ್ಟಳು.

ಎದುರಿಗಿದ್ದರೇ ಮಾತು ಬಾರದವಳು ಫೋನಿನಲ್ಲಿ ಏನು ವಾದ ಮಾಡಲಿ?

ನಿಮ್ಮಮ್ಮ ಶೀಲಾಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಪರಿಹಾರ ಕೊಟ್ಟಳು. "ಇದಕ್ಕ್ಯಾಕೆ ಅತ್ತೆ ಇಷ್ಟು ಟೆನ್ಷನ್? ನಾಳೆ 'ಎದ್ದು ನಡೆ' ಅನ್ನೋ ವಾಕ್ಯ ಕಳಿಸಿ. ಹೋಗ್ತಾರೆ. ಸಿಂಪಲ್."

ನಿಜಕ್ಕೂ ಸಿಂಪಲ್. ಆಸೆಯೂ ಆಯಿತು. ಆದರೆ ಒಬ್ಬಳನ್ನು ಏಳಿಸಲು ಒಂದು ವಾಕ್ಯ, ಇನ್ನೊಬ್ಬಳನ್ನು ಕೂರಿಸಲು ಇನ್ನೊಂದು ಎಂದು ನಾನೇ ಆರಿಸಿ ಒತ್ತುತ್ತಾ ಹೋದರೆ ಅದು ಸತ್ಯವೇದವಾ, ಟಿವಿ ರಿಮೋಟಾ? ಹಾಗೆಂದು ಸುಮ್ಮನಿದ್ದರೆ? ಗಂಟು ಸುಮ್ಮನಿರುತ್ತದಾ?

ನಿಮ್ಮ ತಾತನೂ ಎದೆ ಹಿಡಿದುಕೊಂಡು ಹೇಳಿದ್ದು ಅದನ್ನೇ. "ಗ್ಯಾಸು ಕಣೇ, ಸುಮ್ನಿರು." ಆ ಮಾತು ಈ ಮನೆಯಲ್ಲಿ ಅವರ ಫೋಟೋ ಪಕ್ಕದಲ್ಲಿ ಇನ್ನೂ ನೇತಾಡುತ್ತಿದೆ. ನಿಮಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಕನ್ನಡಕ ಬೇಕಿಲ್ಲ.

ಮಂಗಳವಾರ ವಾಕ್ಯ ಕಳಿಸಲಿಲ್ಲ. ಬುಧವಾರವೂ ಇಲ್ಲ. ಗ್ರೂಪಿನಲ್ಲಿ ಪ್ರಶ್ನೆ ಚಿಹ್ನೆಗಳು ಬಂದವು. "ಸಿಸ್ಟರ್ ಆರೋಗ್ಯವಾಗಿದ್ದೀರಾ?" ಎಂದು ಪಾಸ್ಟರಮ್ಮ ಕೇಳಿದರು. ಆರೋಗ್ಯವಾಗಿದ್ದೆ. ಬಾಯಿಗೇ ಭಯ ಹಿಡಿದಿತ್ತು.

ಒಡೆದ ಕನ್ನಡಕವನ್ನು ನಸೀಮಾಳ ಕೈಗೆ ಕೊಟ್ಟಿದ್ದೆ. ಬುಧವಾರ ಸಂಜೆ ಹೊಸದನ್ನು ತಂದಳು. ಕೊಡಿಗೇಹಳ್ಳಿಯಲ್ಲಿ ಅವಳ ತಮ್ಮನದೇ ಕನ್ನಡಕದ ಅಂಗಡಿ. ಫ್ರೇಮು ಉಳಿಯಲಿಲ್ಲ, ಬೇರೆಯದಕ್ಕೆ ಹೊಸ ಗಾಜು ಹಾಕಿಸಿದ್ದಳು, ಹಳೆಯದನ್ನೂ ವಾಪಸ್ ತಂದಿದ್ದಳು. "ತಗೊಳ್ಳಿ ಅಮ್ಮಾ. ನಿಮ್ಮ ಬಯಾನ್ ಇಲ್ದೆ ನಂಗೂ ಟೈಮ್ ಗೊತ್ತಾಗ್ತಾ ಇಲ್ಲ. ಎರಡು ದಿನದಿಂದ ಹಾಲಿನ ಲೈನಲ್ಲಿ ನಾನೇ ಲಾಸ್ಟು."

ಹಾಕಿಕೊಂಡು ಮೊದಲು ಮಾಡಿದ ಕೆಲಸ, ಸಮುದ್ರದ ಆ ಪುಟ ತೆರೆದದ್ದು. ನಾನು ಹೇಳಿದ್ದು ಸರಿಯಾಗಿತ್ತಾ, ಬಾಯಿಪಾಠದಲ್ಲಿ ಏನಾದರೂ ತಪ್ಪಿತ್ತಾ? ಅಷ್ಟೇ ನೋಡಬೇಕಿತ್ತು.

ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು.

ಸುಮ್ಮನಿರಿ ಎಂದದ್ದು ಮೋಶೆ. ಮುಂದಿನ ಸಾಲಿನಲ್ಲಿ ದೇವರೇ ಬಾಯಿ ಬಿಟ್ಟು ಮೋಶೆಯನ್ನು ಕೇಳುತ್ತಾನೆ: ನನಗೆ ಯಾಕೆ ಮೊರೆಯಿಡುತ್ತೀ, ಜನರಿಗೆ ಮುಂದಕ್ಕೆ ಹೊರಡಲು ಹೇಳು.

ಮುಂದಕ್ಕೆ ಎಂದರೆ ಎಲ್ಲಿಗೆ? ನೀರೊಳಕ್ಕೆ!

ಇದನ್ನು ನಾನು ಓದಿಯೇ ಇರಲಿಲ್ಲ ಎಂದಲ್ಲ. ಆದರೆ ಶಾಲೆಯಲ್ಲಿ ಟೀಚರು ವಾರಕ್ಕೊಂದೇ ವಾಕ್ಯ ಬಾಯಿಪಾಠ ಮಾಡಿಸುತ್ತಿದ್ದರು. ಒಪ್ಪಿಸಿದರೆ ಒಂದು ಬಣ್ಣದ ಚಿತ್ರ. "ಸುಮ್ಮನಿರಿ"ಗೆ ನನಗೆ ಚಿತ್ರ ಸಿಕ್ಕಿತು, ಅಲ್ಲಿಗೆ ಆ ಕಥೆ ಮುಗಿಯಿತು. ಆಮೇಲೆ ಎಷ್ಟು ಸಲ ಆ ಪುಟ ದಾಟಿದರೂ ಮುಂದಿನ ಸಾಲು ಬೇರೆ ಯಾರಿಗೋ ಹೇಳಿದ್ದು ಎಂಬಂತೆ ದಾಟಿಬಿಟ್ಟಿದ್ದೆ.

ಗುರುವಾರ ಬೆಳಗ್ಗೆ ಸತ್ಯವೇದವನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ತಯಾರಾಗುತ್ತಿತ್ತು. ಆಟೋ ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

"ಅಯ್ಯೋ ಆಂಟಿ! ಫೋನೂ ಮಾಡ್ದೆ ಬಂದ್ಬಿಟ್ರಾ? ಬನ್ನಿ ಬನ್ನಿ, ಆ ಬ್ಲೌಸ್ ಪೀಸ್ ಎಲ್ಲಾ ಪಕ್ಕಕ್ಕೆ ತಳ್ಳಿ ಕೂತ್ಕೊಳ್ಳಿ."

ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಎತ್ತಲೋ ಹೋಗುತ್ತದೆ. ನಿಂತೇ ಹೇಳಿದೆ. "ಸಲೋಮಿ, ಸೋಮವಾರ ನನ್ನ ಕನ್ನಡಕ ಒಡೆದೋಗಿತ್ತು. ಓದಕ್ಕಾಗ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ದೆ. ಅಷ್ಟೇ ಕಣಮ್ಮ."

ಅವಳು ನನ್ನನ್ನು ನೋಡಿದಳು. ಮುಖ ಅರಳಿತು.

"ನೋಡಿದ್ರಾ ಆಂಟಿ! ಕನ್ನಡಕ ಒಡೆಸಿದ್ದೂ ದೇವ್ರೇ. ಇಲ್ದಿದ್ರೆ ನೀವು ಬೇರೆ ಏನಾದ್ರೂ ಓದ್ಬಿಡ್ತಿದ್ರಿ."

ಯಾವ ಪಾಸ್ಟರ ಹತ್ತಿರ ಇದಕ್ಕೆ ಉತ್ತರವಿದೆ? ಏನು ಮಾಡಲೂ ತೋಚದೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದೆ. ಒರೆಸುತ್ತಾ ಒರೆಸುತ್ತಾ ನನಗೇ ಗೊತ್ತಿಲ್ಲದೆ ಮಾತು ಬಂತು.

"ಹಂಗಾದ್ರೆ ಈ ಹೊಸದನ್ನ ಕೊಡಿಸಿದ್ದು ಯಾರಮ್ಮ?"

ಮಿಷನ್ ತುಳಿಯುತ್ತಿದ್ದ ಕಾಲು ನಿಂತಿತು.

ಚೀಲದಿಂದ ಪುಸ್ತಕ ತೆಗೆದು ಕೊಟ್ಟೆ. "ಅದರ ಕೆಳಗಿನ ಸಾಲು ಓದು."

ಓದಿದಳು. ತುಟಿ ಅಲ್ಲಾಡಿಸುತ್ತಾ ಇನ್ನೊಮ್ಮೆ ಓದಿದಳು. "ಇದು ಅದರ ಕೆಳಗೇನಾ ಇರೋದು?"

"ಕೆಳಗೇ."

"ನನ್ನ ಕಳಿಸಕ್ಕೆ ಹುಡುಕ್ಕೊಂಡ್ ಬಂದ್ರಾ?"

"ಹುಡುಕೋದೇನು ಬಂತು? ಅಲ್ಲೇ ಇತ್ತು. ಅವತ್ತು ನಾನೂ ಓದಲಿಲ್ಲ, ನೀನೂ ಓದಲಿಲ್ಲ."

ಅವಳು ಗುಂಡುಸೂಜಿಗಳನ್ನು ಮೆತ್ತೆಯಿಂದ ಕಿತ್ತು ಮತ್ತೆ ಚುಚ್ಚುತ್ತಾ ಕೂತಳು.

"ಹೋದ್ರೆ ಗೊತ್ತಾಗೋಗುತ್ತಲ್ಲ ಆಂಟಿ."

ಓಹ್, ಇದಾ? ಅವಳು ಕೇಳಿಕೊಂಡದ್ದು ಉತ್ತರವನ್ನಲ್ಲ, ರಜೆಯನ್ನು. ನಾನು ಬೆಳಗ್ಗೆ ಆರಕ್ಕೇ ರಜೆ ಮಂಜೂರು ಮಾಡಿಬಿಟ್ಟಿದ್ದೆ.

"ಹೂಂ, ಗೊತ್ತಾಗುತ್ತೆ" ಎಂದೆ. ದಿನಾ ಬೇಳೆ ಡಬ್ಬಿಗೆ ಅಷ್ಟು ಧೈರ್ಯ ಹೇಳುವವಳಿಗೆ ಆಗ ಒಂದೂ ನೆನಪಾಗಲಿಲ್ಲ.

"ಗೊತ್ತಾದ್ಮೇಲೆ?"

"ಗೊತ್ತಾದ್ಮೇಲೂ ನಾನಿರ್ತೀನಿ. ಬಾಗಿಲ ಹತ್ರ, ಚಪ್ಪಲಿ ಪಕ್ಕ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನೀವು ಬಿಡಿ ಆಂಟಿ, ಸ್ವರ್ಗಕ್ಕೆ ಹೋದ್ರೂ ಅಲ್ಲೇ ಕೂರ್ತೀರಾ" ಎಂದು ಬ್ಲೌಸ್ ಪೀಸಿನಲ್ಲೇ ಮೂಗು ಒರೆಸಿಕೊಂಡಳು. (ಯಾರದೋ ಮದುವೆ ಬ್ಲೌಸು. ಪಾಪ.)

ಆಸ್ಪತ್ರೆಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಶುಕ್ರವಾರಕ್ಕೆ ಸಮಯ ಸಿಕ್ಕಿತು. ಅವತ್ತು ಅವಳು ಟೆಸ್ಟಿಗೆ ಒಳಗೆ ಹೋದಳು, ನಾನು ಹೊರಗೆ ಅವಳ ವ್ಯಾನಿಟಿ ಬ್ಯಾಗ್ ತಬ್ಬಿಕೊಂಡು ಕೂತೆ. ಪ್ರಾರ್ಥನೆ ಮಾಡಬೇಕೆಂದು ಕಣ್ಣು ಮುಚ್ಚಿದರೆ ತೆರೆದುಕೊಳ್ಳುತ್ತಿತ್ತು. ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಂತೆ.

ರಿಪೋರ್ಟ್ ಬರುವುದು ಈ ವಾರ. ಇದನ್ನು ಬರೆಯುವಾಗ ಇನ್ನೂ ಬಂದಿಲ್ಲ. ಬರೆಯಲಾ ಎಂದು ಅವಳನ್ನೇ ಕೇಳಿದೆ. "ಬರೀರಿ ಆಂಟಿ, ಹೆಸರು ಮಾತ್ರ ಬದಲಾಯಿಸಿ" ಎಂದಳು. ಬದಲಾಯಿಸಿದ್ದೇನೆ.

ಶನಿವಾರ ಮತ್ತೆ ವಾಕ್ಯ ಕಳಿಸಿದೆ. ಅದೇ ಸಮುದ್ರ, ಈ ಸಲ ಎರಡೂ ಸಾಲು. ಕೊನೆಯಲ್ಲಿ ಇಷ್ಟು ಸೇರಿಸಿದೆ: "ಓದಿದ್ದು ದೇವರ ಮಾತು, ಮೊಸರಿನ ಮಾತು ನಂದು. ಎರಡನ್ನೂ ಬೆರೆಸ್ಕೋಬೇಡಿ. ಡಾಕ್ಟರು ಬನ್ನಿ ಅಂದಿದ್ರೆ ಹೋಗಿ."

ಆಮೆನ್‌ಗಳು ಕಡಿಮೆ ಬಂದವು. ಒಬ್ಬರು ಬರೆದರು: "ಸಿಸ್ಟರ್, ಇವತ್ತು ಮನಸ್ಸಿಗೆ ಅಷ್ಟು ಸಮಾಧಾನ ಸಿಗಲಿಲ್ಲ."

ನನಗೂ ಸಿಗಲಿಲ್ಲ. ಆದರೆ ವಾಕ್ಯ ಇರುವುದು ಸಮಾಧಾನಕ್ಕೆ ಮಾತ್ರವಾ? ಆ ದಡದಲ್ಲಿ ಎಲ್ಲರಿಗೂ ಸಮಾಧಾನ ಸಿಕ್ಕಿ ಎಲ್ಲರೂ ಕೂತುಬಿಟ್ಟಿದ್ದರೆ ಫರೋಹನಿಗೆ ಎಷ್ಟು ಸಲೀಸಾಗುತ್ತಿತ್ತು!

ಈಗ ದಿನಾ ಬೆಳಗ್ಗೆ ಮೈಕಿನ ಗುರುತಿನ ಮೇಲೆ ಬೆರಳಿಡುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಯಾವ ಮನೆಯಲ್ಲಿ ಯಾರು ಎಂಥ ಪ್ರಶ್ನೆ ಹಿಡಿದುಕೊಂಡು ಕಾಯುತ್ತಿದ್ದಾರೋ? ಡಬ್ಬಿಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಡಬ್ಬಿಯ ಆಚೆ ಇಷ್ಟು ಜನ!

ಅನುಗ್ರಹ, ನೀನು ಕನ್ನಡವನ್ನು ಇನ್ನೂ ಅಕ್ಷರ ಕೂಡಿಸಿ ಓದುತ್ತೀ. ಜೋಯಲ್, ನೀನು "ಆಮೇಲೆ ಓದ್ತೀನಿ ಅಜ್ಜಿ" ಎನ್ನುತ್ತೀ. ಇರಲಿ, ಅವಸರವಿಲ್ಲ. ಒಡೆದ ಕನ್ನಡಕವನ್ನು ಬೀರುವಿನ ಬಿಸ್ಕತ್ತು ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಹಾಳೆಗಳನ್ನೂ ಅದರ ಜೊತೆಗೇ ಜೋಪಾನವಾಗಿ ಇಡಿ, ಗುಜರಿಯವನಿಗೆ ಹಾಕಬೇಡಿ. ಮುಂದೊಂದು ದಿನ ನಿಮ್ಮ ಫೋನಿಗೂ ಯಾರಾದರೂ ಒಂದೇ ಒಂದು ಸಾಲು ಕಳಿಸುತ್ತಾರೆ, ಅದು ನಿಮಗೆ ಬೇಕಾದ್ದನ್ನೇ ಹೇಳುತ್ತದೆ. ಆಗ ಡಬ್ಬಿ ತೆಗೆದು ಎರಡನ್ನೂ ಕೈಯಲ್ಲಿ ಹಿಡಿದು ಒಮ್ಮೆ ಕೇಳಿಕೊಳ್ಳಿ:

ಇದರ ಕೆಳಗಿನ ಸಾಲು ಏನು?