ಕಣ್ಣು ಮುಚ್ಚಿಕೊಂಡು ಹೇಳಿದ ಚಾಡಿ

ಚಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇಂಜಿನಿಯರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದು ತಿಳಿದಾಗ ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಮನೇಲಿ ಇಷ್ಟು ವರ್ಷ ಪುಕ್ಕಟೆ ಮಾಡ್ಕೊಂಡು ಬಂದೆಯಲ್ಲೋ!" ಎಂದಿದ್ದರು.

ತಿಂಗಳಿಗೊಮ್ಮೆ, ಎರಡನೇ ಶನಿವಾರ ಮಧ್ಯಾಹ್ನ, ವೆಸ್ಟ್‌ಮಂಟಿನ ಒಬ್ಬ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ. ಹತ್ತು ಹನ್ನೆರಡು ಮನೆಯವರು ಸೇರುತ್ತೇವೆ. ಇಲ್ಲಿನ ಕನ್ನಡಿಗರಲ್ಲಿ ನಾವು ಊಟಕ್ಕೆ ಉಪ್ಪಿನಕಾಯಿಯಷ್ಟು. ಕ್ರಿಶ್ಚಿಯನ್ ಎಂದ ಕೂಡಲೇ "ಓ, ಕೇರಳಾನಾ?" ಎನ್ನುತ್ತಾರೆ. ಅಲ್ಲ ಸ್ವಾಮಿ, ಮೈಸೂರಿನ ಮಂಡಿ ಮೊಹಲ್ಲಾ ಎಂದರೂ ನಂಬುವುದಿಲ್ಲ. ಹಾಗಾಗಿ ಆ ಬೇಸ್‌ಮೆಂಟಿನಲ್ಲಿ ಕನ್ನಡದಲ್ಲಿ ಹಾಡಿ, ಕನ್ನಡದಲ್ಲಿ ಪ್ರಾರ್ಥಿಸಿ, ಕನ್ನಡದಲ್ಲೇ ಒಬ್ಬರನ್ನೊಬ್ಬರು ಆಡಿಕೊಂಡು ಮನೆಗೆ ಹೋಗುವುದೆಂದರೆ ನಮಗೆಲ್ಲ ದೊಡ್ಡ ಸಮಾಧಾನ.

ಕಳೆದ ವರ್ಷದ ಒಂದು ಕೂಟದಲ್ಲಿ ಅಂಕಲ್ ಹೃದಯವನ್ನು ಕಾಯ್ದುಕೊಳ್ಳುವ ಬಗ್ಗೆ ಮಾತಾಡಿದರು. "ಬಾಗಿಲಿಗೆ ಕ್ಯಾಮೆರಾ ಹಾಕ್ಕೊಂಡಿದೀವಿ, ಗರಾಜಿಗೂ ಹಾಕ್ಕೊಂಡಿದೀವಿ. ಅಳಿಲು ಓಡಾಡಿದ್ರೂ ಫೋನಿಗೆ ಮೆಸೇಜ್ ಬರತ್ತೆ. ಮನಸ್ಸಿನೊಳಗೆ ಏನೇನು ನುಗ್ತಿದೆ ಅಂತ ಯಾರಪ್ಪಾ ನೋಡ್ತಿದಾರೆ?" ಎಂದರು.

ನನಗೆ ಆ ಮಾತು ನಾಟಿತು. ನನಗೆ ಏನಾದರೂ ನಾಟಿದರೆ ಅಪಾಯ, ಏಕೆಂದರೆ ಮರುದಿನವೇ ಅದಕ್ಕೊಂದು ಫಾರಂ ತಯಾರಾಗುತ್ತದೆ. ಕಾರ್ಖಾನೆಯಲ್ಲಿ ದೋಷ ಬರೆದಿಡುವ ಹಾಳೆಯನ್ನೇ ಫೋನಿಗೆ ಇಳಿಸಿಕೊಂಡು, ನನ್ನ ಮನಸ್ಸಿನ ದೋಷಗಳನ್ನು ಬರೆಯತೊಡಗಿದೆ. ದೋಷ ಯಾವುದು, ಯಾವ ಹೊತ್ತು, ಮೂಲ ಕಾರಣ ಏನು, ಸರಿಪಡಿಸಲು ಏನು ಮಾಡಿದೆ ಎಂದು ನಾಲ್ಕು ಕಾಲಮ್ಮು. ಸೋಮವಾರ ಕಾರ್ಖಾನೆ ಮುಟ್ಟುವುದರೊಳಗೇ ಹಾಳೆ ಮುಗಿಯಿತು. ಕಾರಿನಲ್ಲಿ ಭಕ್ತಿಗೀತೆ ಹಾಕಿಕೊಂಡು, ಇಂಡಿಕೇಟರ್ ಹಾಕದೆ ನುಗ್ಗಿದವನಿಗೆ ಅದೇ ರಾಗದಲ್ಲಿ ಬೈದಿದ್ದೆ. ಮೂಲ ಕಾರಣ: ಅವನು. ಕಾಫಿ ಮೆಷಿನ್ ಮುಂದೆ ಸಹೋದ್ಯೋಗಿಯ ಮೇಲೆ ಸಿಟ್ಟು. ಮೂಲ ಕಾರಣ: ಸಹೋದ್ಯೋಗಿ. ಒಂದು ವಾರದ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಒಂದು ಅದ್ಭುತ ಸಂಗತಿ ಹೊರಬಿತ್ತು. ನನ್ನ ಪಾಪಗಳಿಗೆಲ್ಲ ಇಲಿನಾಯ್ ರಾಜ್ಯದ ಬೇರೆ ಬೇರೆ ನಾಗರಿಕರು ಕಾರಣರಾಗಿದ್ದರು. ನನ್ನದೇನೂ ಇರಲಿಲ್ಲ.

ಇನ್ನು ನನ್ನ ಗೆಳೆಯನ ಬಗ್ಗೆ ಹೇಳಬೇಕು. ಅವನು ಗದಗಿನವನು. ಮಿಶಿಗನ್ನಿನಲ್ಲಿ ಎಂ.ಎಸ್. ಮಾಡುವಾಗ ಎರಡು ವರ್ಷ ಒಂದೇ ರೂಮಿನಲ್ಲಿದ್ದೆವು. ಓದು ಮುಗಿದ ಮೇಲೆ ಅವನಿಗೆ ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನನಗಿಂತ ಏಳು ತಿಂಗಳು ಮೊದಲು. ಅವನಿಗೆ ಹಾಡು ಬರುತ್ತದೆ, ಗಿಟಾರ್ ಬರುತ್ತದೆ. ಅವನು ಪ್ರಾರ್ಥನೆ ಮಾಡಿದರೆ ಆಂಟಿಯರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮಾಡಿದರೆ ಗಡಿಯಾರ ನೋಡುತ್ತಾರೆ. ಹೋದ ವರ್ಷ ಹುಬ್ಬಳ್ಳಿಯ ಹುಡುಗಿಯೊಬ್ಬಳ ಜೊತೆ ಅವನ ಮದುವೆಯೂ ನಿಶ್ಚಯವಾಯಿತು. ಆಕೆ ನರ್ಸು. ಅದೇ ತಿಂಗಳು ನನ್ನ ಫೋಟೋ ನೋಡಿದ ಒಂದು ಮನೆಯವರು, "ಹುಡುಗ ಚೆನ್ನಾಗಿದಾನೆ, ಆದ್ರೆ ಫೋಟೋದಲ್ಲೂ ನಗ್ತಾನೇ ಇದಾನಲ್ಲ" ಎಂದು ತಿರಸ್ಕರಿಸಿದ್ದರು.

ಮುಂದಿನ ತಿಂಗಳ ಕೂಟದ ಹಿಂದಿನ ದಿನ, ಶುಕ್ರವಾರ ಸಂಜೆ, ಅವನ ಫೋನ್ ಬಂತು.

"ಕೆಲಸ ಹೋತಲೇ," ಎಂದ. "ನಮ್ಮ ಟೀಮಿನ್ಯಾಗ ಆರು ಮಂದಿನ್ನ ತಗದ್ರು."

"ಅಯ್ಯೋ! ವೀಸಾ?"

"ಅರವತ್ತು ದಿನ. ಅಷ್ಟರಾಗ ಬ್ಯಾರೆ ಕೆಲಸ ಹುಡುಕಬೇಕು, ಇಲ್ಲಾ ಗಂಟು ಕಟ್ಟಬೇಕು. ಯಾರಿಗೂ ಹೇಳಬ್ಯಾಡ. ಅಕಿಗೂ ಇನ್ನೂ ಹೇಳಿಲ್ಲ. ನಾಳೆ ಅಕಿದು ನೈಟ್ ಡ್ಯೂಟಿ. ಡ್ಯೂಟಿ ಮ್ಯಾಲ ಇದ್ದಾಗ ಹೇಳಿದ್ರ ಪಾಪ ವಾರ್ಡಿನ್ಯಾಗ ಅಳಕೋತ ನಿಂದರ್ತಾಳ. ರವಿವಾರ ವಿಡಿಯೋ ಹಚ್ಚಿ, ಎದುರಾ ಎದುರು ನಾನ ಹೇಳ್ತೀನಿ. ತಿಳೀತಿಲ್ಲೋ?"

"ತಿಳೀತು ಕಣೋ. ನನ್ನ ಬಾಯಿ ಬೀಗ."

ಆ ಬೀಗ ಇಪ್ಪತ್ತೆರಡು ಗಂಟೆ ಬಾಳಿಕೆ ಬಂತು.

ನಮ್ಮ ಕೂಟದಲ್ಲಿ ಒಂದು ಪದ್ಧತಿಯಿದೆ. ಬೈಬಲಿನ ಮೇಲಿನ ಪ್ರಸಂಗ ಮುಗಿದ ಮೇಲೆ ಅಂಕಲ್, "ಪ್ರಾರ್ಥನಾ ವಿಷಯಗಳು ಏನಾದ್ರೂ ಇದೆಯಾ?" ಎಂದು ಕೇಳುತ್ತಾರೆ. ಒಬ್ಬರು ಮೊಣಕಾಲು ನೋವು ಎನ್ನುತ್ತಾರೆ, ಇನ್ನೊಬ್ಬರು ಮಗನ ಕಾಲೇಜು ಅಡ್ಮಿಷನ್ ಎನ್ನುತ್ತಾರೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚುತ್ತೇವೆ, ಒಬ್ಬೊಬ್ಬರಾಗಿ ಪ್ರಾರ್ಥಿಸುತ್ತೇವೆ. ಈ ಪದ್ಧತಿಯಲ್ಲಿ ಒಂದು ಕಿಂಡಿಯಿದೆ, ಅದು ನಮ್ಮವರಿಗೆಲ್ಲ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಊಟದ ಸಾಲಿನಲ್ಲಿ ನಿಂತು ಹೇಳಿದರೆ ಚಾಡಿ ಎನಿಸಿಕೊಳ್ಳುವ ಮಾತು, ಕಣ್ಣು ಮುಚ್ಚಿ ದೇವರಿಗೆ ಹೇಳಿದರೆ ಪ್ರಾರ್ಥನೆ ಎನಿಸಿಕೊಳ್ಳುತ್ತದೆ. ಹತ್ತು ಮನೆಯವರು ಕೇಳಿಸಿಕೊಳ್ಳುತ್ತಾರೆ, ಜೊತೆಗೆ ಆಮೆನ್ ಬೇರೆ.

ಆ ದಿನ ನನ್ನ ಸರದಿ ಬಂದಾಗ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಮೊಣಕಾಲು ಚೆನ್ನಾಗಿತ್ತು. ಕಣ್ಣು ಮುಚ್ಚಿ, ದನಿ ತಗ್ಗಿಸಿ ಶುರುಮಾಡಿದೆ.

"ಕರ್ತನೇ, ನೋವೈಯಲ್ಲಿರೋ ನನ್ನ ಸ್ನೇಹಿತನಿಗೋಸ್ಕರ ಬೇಡ್ತೀನಿ. ನಿನ್ನೆ ತಾನೇ ಅವನ ಕೆಲಸ ಹೋಯ್ತು. ಅರವತ್ತು ದಿನ ಮಾತ್ರ ಇದೆ. ಮದುವೆ ಬೇರೆ ಹತ್ರ ಬಂದಿದೆ. ಆ ಹುಡುಗಿಗೂ ಇನ್ನೂ ಗೊತ್ತಿಲ್ಲ, ಸ್ವಾಮಿ..."

ಯಾರೋ ಲೊಚಗುಟ್ಟಿದರು. ಯಾರೋ "ಯೇಸುವೇ" ಎಂದರು. ಮೊದಲ ಸಲ ನನ್ನ ಪ್ರಾರ್ಥನೆಗೆ ಬೇಸ್‌ಮೆಂಟು ಕಿವಿಗೊಟ್ಟಿತ್ತು. ನನ್ನ ದನಿ ನಡುಗಿತು. ಸುಳ್ಳು ನಡುಕವಲ್ಲ, ಆದರೆ ಅಷ್ಟು ನಡುಗಬೇಕಾಗಿರಲಿಲ್ಲ. ಒಂದು ಮೊಣಕಾಲಿಗೆ ಒಂದು ನಿಮಿಷ ಎನ್ನುವ ಜಾಗದಲ್ಲಿ ನಾನು ಆರು ನಿಮಿಷ ಪ್ರಾರ್ಥಿಸಿದೆ. ಆಮೆನ್ ಹೇಳಿ ಕಣ್ಣು ಬಿಟ್ಟರೆ, ಎದುರಿನ ಸೋಫಾದಲ್ಲಿ ಧಾರವಾಡದ ಆಂಟಿ ಕಣ್ಣೀರು ಒರೆಸಿಕೊಳ್ಳುತ್ತಾ ಫೋನಿನಲ್ಲಿ ಏನೋ ಬರೆಯುತ್ತಿದ್ದರು. ನನ್ನ ಮಾತು ಆಂಟಿಯರನ್ನೂ ಅಳಿಸಬಲ್ಲದು ಎಂದು ಒಳಗೊಳಗೇ ಹಿಗ್ಗಿದೆ.

ಗೆಳೆಯನ ಮದುವೆ ಕುದುರಿಸಿದ್ದು ಆ ಆಂಟಿಯೇ. ಹುಡುಗಿ ಅವರ ಸ್ವಂತ ಅಕ್ಕನ ಮಗಳು. ಇದು ನನಗೆ ಗೊತ್ತಿತ್ತು. ನಿಶ್ಚಯದ ಸಿಹಿಯನ್ನು ಅದೇ ಬೇಸ್‌ಮೆಂಟಿನಲ್ಲಿ ಅವರ ಕೈಯಿಂದಲೇ ತಿಂದಿದ್ದೆ. ಆದರೂ ಆ ಆರು ನಿಮಿಷ ನನ್ನ ತಲೆಯಲ್ಲಿ ಇದ್ದದ್ದು ನಾನೊಬ್ಬನೇ.

ಪಲಾವು ತಟ್ಟೆಗೆ ಬೀಳುವ ಹೊತ್ತಿಗೆ ಹುಬ್ಬಳ್ಳಿಯ ಆಸ್ಪತ್ರೆಯ ವಾರ್ಡಿನಲ್ಲಿ ಡ್ಯೂಟಿಯ ಮೇಲಿದ್ದ ಹುಡುಗಿಯ ಫೋನಿಗೆ ಮೆಸೇಜು ಹೋಗಿತ್ತು: ನಿನ್ನ ಹುಡುಗನ ಕೆಲಸದ ಸಲುವಾಗಿ ಇಲ್ಲಿ ಎಲ್ಲಾರೂ ಪ್ರಾರ್ಥನಾ ಮಾಡೀವಿ, ಧೈರ್ಯದಿಂದ ಇರು ಎಂದು. ಆಂಟಿ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಆ ದಿನ ಅಲ್ಲಿ ಕೆಟ್ಟ ಮನಸ್ಸು ಒಬ್ಬನದೇ ಇತ್ತು, ಅವನು ಎರಡನೇ ಸಲ ಪಲಾವು ಹಾಕಿಸಿಕೊಳ್ಳುತ್ತಿದ್ದ.

ಮನೆಗೆ ಬಂದು ದೋಷದ ಹಾಳೆ ತೆರೆದೆ. ಶನಿವಾರದ ಸಾಲಿನಲ್ಲಿ ಬರೆದದ್ದು: "ದೋಷ ಇಲ್ಲ. ಸ್ನೇಹಿತನಿಗಾಗಿ ಪ್ರಾರ್ಥನೆ." ಅಷ್ಟು ದಿನಗಳಲ್ಲಿ ನನ್ನ ಹಾಳೆ ಶುಭ್ರವಾಗಿದ್ದದ್ದು ಆ ಒಂದೇ ದಿನ.

ಬರೆದು ಮುಗಿಸುವಷ್ಟರಲ್ಲಿ ಫೋನ್ ಬಂತು.

"ಏನ್ ಹೇಳಿ ಬಂದೀಲೇ ಅಲ್ಲೆ?"

"ಎಲ್ಲಿ?"

"ಅಕಿ ಅಳಾಕತ್ತಾಳ. ಕೆಲಸ ಹೋತಂತಲ್ಲ. ಅಮೆರಿಕಾದಾಗಿನ ಮಂದಿಗೆಲ್ಲ ಹೇಳಿ ನನಗಷ್ಟ ಮುಚ್ಚಿಟ್ರಿ ಅಂತಾಳ. ಮದುವಿಗೆ ಮೊದಲ ಹಿಂಗಾದ್ರ ಮುಂದ ನಿಮ್ಮನ್ನ ಹೆಂಗ ನಂಬಲಿ ಅಂತ ಕೇಳ್ತಾಳ. ಏನ್ ಹೇಳ್ಲಿ ನಾ?"

"ಪ್ರಾರ್ಥನೆ ಮಾಡ್ಸಿದೆ ಕಣೋ, ಅಷ್ಟೇ..."

"ಪ್ರಾರ್ಥನಾ!" ಎಂದ. ಆ ಪದವನ್ನು ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಫೋನ್ ಇಟ್ಟ.

ಆಮೇಲೆ ಒಂದು ವಾರ ಅವನು ನನ್ನ ಫೋನು ಎತ್ತಲಿಲ್ಲ. ಆ ವಾರ ನಾನು ನನ್ನ ಪರವಾಗಿ ಎಂಥ ವಾದ ಮಂಡಿಸಿದೆನೆಂದರೆ, ದೊಡ್ಡ ದೊಡ್ಡ ವಕೀಲರು ಬಂದು ಟಿಪ್ಪಣಿ ಮಾಡಿಕೊಳ್ಳಬೇಕಿತ್ತು. ಪ್ರಾರ್ಥನೆ ತಪ್ಪೇ? ಆಂಟಿ ಯಾಕೆ ಬರೆಯಬೇಕಿತ್ತು? ಅವನು ಶುಕ್ರವಾರವೇ ಹೇಳಿಬಿಡಬೇಕಿತ್ತಲ್ಲ? ಮೂಲ ಕಾರಣದ ಕಾಲಮ್ಮಿನಲ್ಲಿ ಒಬ್ಬೊಬ್ಬರನ್ನೇ ಕರೆತಂದು ನಿಲ್ಲಿಸಿದೆ. ಗುರುವಾರ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಒಂದು ಬಿಡಿಭಾಗ ಹಿಡಿದು, ಹೊಸದಾಗಿ ಸೇರಿದವಳೊಬ್ಬಳಿಗೆ ಪಾಠ ಮಾಡುತ್ತಿದ್ದೆ. ಬಿರುಕು ಎಲ್ಲಿ ಕಾಣಿಸಿತು ಎಂಬುದು ಮುಖ್ಯವಲ್ಲ, ಎಲ್ಲಿ ಹುಟ್ಟಿತು ಎಂದು ನೋಡಬೇಕು ಎಂದು ಹೇಳಿಕೊಡುತ್ತಾ ಹೇಳಿಕೊಡುತ್ತಾ ಮಾತು ನಿಂತುಹೋಯಿತು. ಅವಳು, ಹುಷಾರಿದ್ದೀಯಾ ಎಂದು ಕೇಳಿದಳು.

ಬಿರುಕು ಹುಟ್ಟಿದ್ದು ಕೂಟದಲ್ಲಲ್ಲ. ಶುಕ್ರವಾರ ಅವನು "ಕೆಲಸ ಹೋತಲೇ" ಎಂದಾಗ, ನನ್ನ ಬಾಯಿ "ಅಯ್ಯೋ" ಎನ್ನುವುದಕ್ಕೆ ಕೂದಲೆಳೆ ಮುಂಚೆ ಒಳಗೆ ಏನೋ ಒಂದು ತಣ್ಣಗೆ ಕಾಲು ಚಾಚಿ ಕೂತಿತ್ತು. ಅವನು ಕೊನೆಗೂ ನನ್ನ ಸಮಕ್ಕೆ ಬಂದ ಎಂಬ ನೆಮ್ಮದಿ. ಅವನು ಬೀಳಲಿ ಎಂದು ನಾನು ಎಂದೂ ಬಯಸಿರಲಿಲ್ಲ. ಬಿದ್ದಾಗ ಸಿಕ್ಕಿದ ಸುಖವನ್ನು ಮಾತ್ರ ಹೊರಗೆ ಕಳಿಸಲಿಲ್ಲ. ಅದಕ್ಕೊಂದು ಭಕ್ತಿಯ ಅಂಗಿ ತೊಡಿಸಿ ಶನಿವಾರ ಕೂಟಕ್ಕೆ ಕರೆದುಕೊಂಡು ಹೋದೆ.

ಹೊರಗಿನಿಂದ ನುಗ್ಗುವ ಕಳ್ಳನಿಗಾಗಿ ಕಾವಲು ಕೂತವನು ನಾನು. ಇದು ಮನೆಯೊಳಗೇ ಹುಟ್ಟಿ, ನನ್ನ ತಟ್ಟೆಯಲ್ಲೇ ಉಂಡು, ನನ್ನ ದನಿಯಲ್ಲೇ ಆಮೆನ್ ಹೇಳುತ್ತಿತ್ತು.

ಶನಿವಾರ ಬೆಳಿಗ್ಗೆ ನೋವೈಗೆ ಹೊರಟೆ. ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಕ್ಷಮೆಯ ಭಾಷಣ ಅಭ್ಯಾಸ ಮಾಡಿದೆ. ನಡುದಾರಿಯ ಊರು ಕಲಮಝೂ ದಾಟುವಷ್ಟರಲ್ಲಿ ಅದು ಎಷ್ಟು ಚೆನ್ನಾಗಿ ಬಂತೆಂದರೆ, ನನಗೇ ಕಣ್ಣು ಒದ್ದೆಯಾಗಿ ಎಕ್ಸಿಟ್ ತಪ್ಪಿತು. ಮಿಶಿಗನ್ನಿನ ಗಡಿಯಾರ ಒಂದು ಗಂಟೆ ಮುಂದಿರುವುದನ್ನೂ ಮರೆತಿದ್ದೆ. ನೋವೈಯ ಇಂಡಿಯನ್ ಅಂಗಡಿಯಲ್ಲಿ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ ಕೊಂಡೆ. ಗದಗಿನವನ ಸಿಟ್ಟು ಶೇಂಗಾ ಚಟ್ನಿಗೆ ಇಳಿಯಬಹುದು ಎಂಬ ಲೆಕ್ಕ.

ಬಾಗಿಲು ತೆಗೆದವನು ವಿಡಿಯೋ ಇಂಟರ್‌ವ್ಯೂ ಅಭ್ಯಾಸಕ್ಕೆಂದು ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಚಡ್ಡಿ ಹಾಕಿಕೊಂಡಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಯಾಕ ಬಂದಿ?"

"ಕ್ಷಮೆ ಕೇಳೋಕೆ."

"ಕೇಳು."

ಭಾಷಣ ಶುರುಮಾಡಿದೆ. "ನೋಡೋ, ನಿನ್ನ ಮೇಲಿನ ಪ್ರೀತಿಯಿಂದ, ಆ ಭಾರ ತಡೀಲಾರ್ದೆ ನಾನು..."

"ಪ್ರೀತಿಯಿಂದ?" ಎಂದ ಅವನು ತಣ್ಣಗೆ. "ಚಿಕಾಗೋದಿಂದ ಇದನ್ನ ಹೇಳಾಕ ಬಂದ್ಯಾ? ಇಂಥಾ ನೆಪಾ ಫೋನಿನ್ಯಾಗನ ಹೇಳಿದ್ಯಲ್ಲ."

ಭಾಷಣ ಅಲ್ಲಿಗೆ ಸತ್ತುಹೋಯಿತು.

"ಖುಷಿ ಆಯ್ತು ಕಣೋ," ಎಂದೆ. "ನಿನ್ನ ಕೆಲಸ ಹೋದಾಗ. ಸ್ವಲ್ಪ. ಬೇಜಾರೂ ಆಯ್ತು, ದೇವ್ರಾಣೆ. ಆದ್ರೆ ಮೊದ್ಲು ಆಗಿದ್ದು ಖುಷಿ. ನೀನು ಯಾವಾಗ್ಲೂ ಮುಂದೆ ಇರ್ತೀಯ ಅಂತ."

ಅವನು ನನ್ನನ್ನೇ ನೋಡಿದ. ಹೊಡೆಯುತ್ತಾನೇನೋ ಎಂದು ರೊಟ್ಟಿ ಕಟ್ಟನ್ನು ಎದೆಯ ಮುಂದೆ ಹಿಡಿದುಕೊಂಡೆ. ಕಡಕ್ ರೊಟ್ಟಿ, ಸ್ವಲ್ಪ ತಡೆಯುತ್ತಿತ್ತು.

"ಇದನ್ನ ಅಕಿಗೆ ಹೇಳು," ಎಂದು ಫೋನು ತೆಗೆದ. "ನಾ ಹೇಳಿದ್ರ ನಂಬವಲ್ಲಳು."

ವಿಡಿಯೋದಲ್ಲಿ ಆಕೆಯನ್ನು ನೋಡಿದ್ದು ಅದೇ ಮೊದಲು. ಅಲ್ಲಿ ಆಗ ನಡುರಾತ್ರಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಎಲ್ಲವನ್ನೂ ಹೇಳಿದೆ. ಅವನು ಹೇಳಬೇಡ ಎಂದದ್ದು, ಡ್ಯೂಟಿ ಮುಗಿಯಲಿ ಎಂದು ಕಾದದ್ದು, ನಾನು ಆರು ನಿಮಿಷ ಪ್ರಾರ್ಥಿಸಿದ್ದು. ನಗಿಸುವ ಒಂದು ಮಾತೂ ಬಾಯಿಗೆ ಬರಲಿಲ್ಲ. ಬಂದಿದ್ದರೂ ನುಂಗುತ್ತಿದ್ದೆ ಎಂದುಕೊಳ್ಳುತ್ತೇನೆ.

"ಅಣ್ಣಾರ," ಎಂದಳು ಆಕೆ, "ನೀವು ಖರೇ ಹೇಳಿದ್ದು ಚಲೋ ಆತು. ಇನ್ನ ಮ್ಯಾಲ ನಮ್ಮ ವಿಷಯ ಕೂಟದಾಗ ತರಬ್ಯಾಡ್ರಿ. ದೇವರಿಗೆ ನಾವ ಹೇಳ್ಕೋತೀವಿ." ಆಮೇಲೆ ಅವನ ಕಡೆ ತಿರುಗಿ, "ಊಟ ಮಾಡಿರೇನು?" ಎಂದು ಕೇಳಿದಳು. ಒಂದು ವಾರದಿಂದ ಆಕೆ ಅವನನ್ನು ಹಾಗೆ ಕೇಳಿರಲಿಲ್ಲವೆಂದು ಅವನ ಮುಖ ನೋಡಿದಾಗಲೇ ಗೊತ್ತಾಯಿತು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುವವನಂತೆ ನಿಂತೆ.

ಅವನು ನನ್ನನ್ನು ಅಪ್ಪಿಕೊಳ್ಳಲಿಲ್ಲ. ರೊಟ್ಟಿ ತಿಂದೆವು. ಹೊರಡುವಾಗ, "ಸಿಟ್ಟು ಇಳಿದಿಲ್ಲ," ಎಂದ. "ನಿಂಗ ಇನ್ನ ಏನೂ ಹೇಳಂಗಿಲ್ಲ ನಾ."

ಅದರಂತೆ ಅವನು ಏನೂ ಹೇಳಲಿಲ್ಲ. ನಾನು ಆ ದೋಷದ ಹಾಳೆ ಅಳಿಸಿಹಾಕಿದೆ. ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಎರಡು ನಿಮಿಷ ಸುಮ್ಮನೆ ಕೂತು, ನಿನ್ನೆ ಯಾರ ಸೋಲು ನನಗೆ ರುಚಿಸಿತು ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಹೆಚ್ಚಿನ ದಿನ ಉತ್ತರ ಇರುತ್ತದೆ. ಅದನ್ನು ಯಾರ ತಲೆಗೂ ಕಟ್ಟದೆ ದೇವರ ಮುಂದೆ ಇಡುವುದು ಕಷ್ಟ.

ನಾಲ್ಕು ವಾರ ಕಳೆದು ಕೂಟದಲ್ಲಿ ಧಾರವಾಡದ ಆಂಟಿ ಎದ್ದು ನಿಂತರು. "ದೇವರಿಗೆ ಸ್ತೋತ್ರ ಹೇಳೂ ವಿಷಯ ಐತಿ. ನಮ್ಮ ಹುಡುಗಗ ಕೆಲಸ ಸಿಕ್ತು! ಎಲ್ಲಾರಿಗೂ ಹೇಳ್ರಿ ಅಂತ ಅವರಿಬ್ಬರೂ ತಾವ ಹೇಳ್ಯಾರ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕಲ್ ನನ್ನ ಕಡೆ ತಿರುಗಿ, "ನಿನಗೆ ಮೊದ್ಲೇ ಗೊತ್ತಿತ್ತೇನಪ್ಪಾ, ಕಳ್ಳ!" ಎಂದರು.

"ಇಲ್ಲ ಅಂಕಲ್. ಈಗ್ಲೇ ಗೊತ್ತಾಗಿದ್ದು."

ಮೊದಲು ಚುಚ್ಚಿತು. ಆಮೇಲೆ ಸಂತೋಷವಾಯಿತು. ಒಳ್ಳೆಯ ಭಾವ ಈ ಸಲವೂ ಎರಡನೆಯದಾಗಿಯೇ ಬಂತು, ಆದರೆ ಬಂದ ಮೇಲೆ ಕೂತಿತು. ಹೊರಗೆ ಕಾರಿನ ಹತ್ತಿರ ಬಂದು ಫೋನು ಮಾಡಿದೆ. ಎತ್ತಿದ.

"ಆಂಟಿ ಹೇಳಿದ್ರು. ತುಂಬಾ ಖುಷಿ ಆಯ್ತು ಕಣೋ."

"ಎಷ್ಟನೇ ಸಲಕ್ಕ?" ಎಂದ.

"ಎರಡನೇ ಸಲಕ್ಕೆ."

ಆ ಕಡೆಯಿಂದ ಒಂದು ಉಸಿರು. ನಗುವೋ ಏನೋ ತಿಳಿಯಲಿಲ್ಲ.

"ಮದುವಿಗೆ ಬರ್ತೀಯೇನು?"

"ಕರೆದ್ರೆ ಬರ್ತೀನಿ."

"ಕರೀಬೇಕೋ ಬ್ಯಾಡೋ ಅಂತ ಇಬ್ಬರೂ ವಿಚಾರ ಮಾಡಾಕತ್ತೀವಿ," ಎಂದ. "ತಡಿ, ಅಕಿನ್ನ ಕೇಳಿ ಹೇಳ್ತೀನಿ."

"ಆಯ್ತು ಕಣೋ, ಕಾಯ್ತೀನಿ," ಎಂದೆ.