ಕುಸುಬಿ ಎಣ್ಣೆ ಹಚ್ಚಿದ ಬಾಗಿಲು

ವ್ಯಾನಿನ ಬಾಗಿಲು ಯಾಕೆ ಸಿಕ್ಕಿಕೊಂಡಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಉತ್ತರಗಳಿದ್ದವು. ಖರೆ ಇದ್ದದ್ದು ನನ್ನದು. ನಡೆದದ್ದು ಅಪ್ಪನದು.

ಐವತ್ತರ ದಶಕದ ನಡುವಿನ ಮಾತು. ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಸೀರೆಗಳನ್ನು ಗದುಗಿನ ಪೇಟೆಗೆ ಒಯ್ಯಲು ಕಾಕಾ ಹುಬ್ಬಳ್ಳಿಯಿಂದ ಹಳೆಯ ವ್ಯಾನೊಂದನ್ನು ತಂದಿದ್ದ. ಅದರ ಬಾಗಿಲು ಕಬ್ಬಿಣದ ಹಳಿಯ ಮೇಲೆ ಪಕ್ಕಕ್ಕೆ ಸರಿಯುವಂಥದು. ಲಾಳಿ ಸರಾಗ ಓಡಲೆಂದು ಮಗ್ಗಕ್ಕೆ ಹಚ್ಚುವ ಕುಸುಬಿ ಎಣ್ಣೆಯನ್ನೇ ಕಾಕಾ ಆ ಹಳಿಗೂ ಹಚ್ಚುತ್ತ ಬಂದ. ದಿನವಿಡೀ ಓಡುವ ಲಾಳಿಗೆ ಅದು ಸರಿ. ಸಂತೆಗೊಮ್ಮೆ ತೆರೆಯುವ ಬಾಗಿಲಿನಲ್ಲಿ ಅದು ಬಿಸಿಲಿಗೆ ಒಣಗಿ, ನೂಲಿನ ಧೂಳು ಮೆತ್ತಿಕೊಂಡು ಅರಗಿನಂತೆ ಗಟ್ಟಿಯಾಯಿತು.

ಬಾಗಿಲು ಕಚ್ಚಿಕೊಂಡ ದಿನವೇ ಅಕ್ಕ ಧಾರವಾಡಕ್ಕೆ ಹೊರಟಿದ್ದಳು; ಗದುಗಿನವರೆಗೆ ವ್ಯಾನು, ಅಲ್ಲಿಂದ ರೇಲು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಿಕ್ಷಕಿಯರ ಟ್ರೇನಿಂಗಿಗೆ ಆಯ್ಕೆಯಾಗಿದ್ದಳು. ಸಂಜೆಯೊಳಗೆ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ. ಅಪ್ಪ ಒಲ್ಲದ ಮನಸ್ಸಿನಿಂದ ಹೂಂ ಅಂದಿದ್ದ. ಕಾಕಾ ಎಷ್ಟು ಎಳೆದರೂ ಬಾಗಿಲು ಮಿಸುಕಲಿಲ್ಲ. ಅಕ್ಕ ಟ್ರಂಕು ಹಿಡಿದು ನಿಂತೇ ಇದ್ದಳು.

ಅಪ್ಪ ಇಂಥದಕ್ಕೇ ಕಾಯುತ್ತಿದ್ದನೋ ಏನೋ. "ಗಾಡಿನ ಬ್ಯಾಡ ಅನ್ನಾಕತ್ತೈತಿ. ಒಳಗ ನಡಿಯವ್ವ," ಅಂದ.

ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದವನು. ಎಣ್ಣೆಗೆ ಶಕುನ ಗೊತ್ತಿಲ್ಲ ಎಂದು ಶುರು ಮಾಡಿದೆ. ಮುಂದಿನ ಸೀಟಿನಲ್ಲಿ ಕೂಡಲಿ, ಇಲ್ಲವೇ ಬಸ್ಸಿಗೆ ಕಳಿಸಿ ಎಂದೆ. ತಡೆ ಬಂದ ಮೇಲೆ ದಾಟಬಾರದು ಎಂಬುದೊಂದೇ ಅಪ್ಪನ ಜವಾಬು. ಹಾಗಾದರೆ ತಡೆಯನ್ನೇ ತೆಗೆಯುತ್ತೇನೆಂದು ಹಳಿಗೆ ಚಿಮಣಿ ಎಣ್ಣೆ ಸುರಿದೆ, ಹಳದಿ ಅಂಟನ್ನು ಉಳಿಯಿಂದ ಹೆರೆದೆ, ಬಾಗಿಲಿನ ಪುಟ್ಟ ಗಾಲಿಗಳನ್ನು ಬಿಚ್ಚಿ ತೊಳೆದು ಕೂರಿಸಿದೆ. ಬಾಗಿಲು ಒಂದೇ ಬೆರಳಿಗೆ ಸರಿಯಿತು. ಗದುಗಿನ ರೇಲಿಗೆ ಇನ್ನೂ ಹೊತ್ತಿತ್ತು.

"ಈಗ ಬಾ ಅನ್ನಾಕತ್ತೈತಿ, ಕೇಳಪ್ಪ," ಎಂದೆ. ಕಾಕಾ ನಕ್ಕ.

"ಬಾಯಿ ಭಾಳ ಆತು ನಿಂದು. ಒಮ್ಮಿ ತಡದ್ದು ತಡದಂಗ," ಅಂದ ಅಪ್ಪ.

ಟ್ರಂಕು ಆಗಲೇ ಮನೆಯೊಳಗೆ ಹೋಗಿತ್ತು.

ಆಮೇಲೆ ಅದೇ ಬಾಗಿಲಿನಿಂದ ಸೀರೆಯ ಗಂಟುಗಳನ್ನು ಹೇರಿದರು. ಅಕ್ಕ ನೇಯ್ದವೂ ಅದರಲ್ಲಿದ್ದವು. ಅಪಶಕುನ ಸೀರೆಗೆ ತಟ್ಟುವುದಿಲ್ಲವೇನು ಎಂದು ಕೇಳಿದೆ. ಅಪ್ಪ ಗಂಟುಗಳನ್ನು ಎಣಿಸುತ್ತಲೇ ಇದ್ದ. ಚರ್ಚಾಕೂಟದಲ್ಲಿ ಸುಮ್ಮನಾದವನು ಸೋತಂತೆ. ಮನೆಯಲ್ಲಿ ಸುಮ್ಮನಾದವನೇ ಯಜಮಾನ.

ವ್ಯಾನು ರೋಣದ ಹಾದಿ ಹಿಡಿಯಿತು. ಮನೆಯೊಳಗೆ ಅಕ್ಕ ಪ್ರಯಾಣದ ಸೀರೆಯಲ್ಲೇ ಮಗ್ಗದ ಕುಣಿಗೆ ಇಳಿದು ಕುಳಿತಿದ್ದಳು. ನಾನು ಇನ್ನೂ ವಾದಿಸುತ್ತಲೇ ಇದ್ದೆ.

"ನೀ ಹೇಳೂದು ಖರೇನ ಐತಪಾ," ಅಂದಳು. "ಆ ಕುಸುಬಿ ಎಣ್ಣಿ ಬಾಟ್ಲಿ ಇಲ್ಲೆ ಕೊಡು. ಲಾಳಿ ಬಿಗಿ ಆಗೇತಿ."